ಅಜ್ಜ ಇಯೋನ್, ದಾಖಲೆಯಲ್ಲಿ ಇವಾನ್: ರೊಮೇನಿಯಾ ಪೌರತ್ವಕ್ಕೆ ಕಾಗದ ಹೊಂದಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನವನು. ಹೆಂಡತಿ ಮಾಲ್ಡೋವಾ ದೇಶದವಳು. ಅವಳ ತಾಯಿಯ ತಂದೆ 1931ರಲ್ಲಿ ಸೊರೋಕಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಆಗ ಅದು ರೊಮೇನಿಯಾಕ್ಕೆ ಸೇರಿತ್ತು. ಅಜ್ಜನ ಮೂಲಕ ರೊಮೇನಿಯಾ ಪೌರತ್ವಕ್ಕೆ ಅರ್ಜಿ ಹಾಕಬೇಕು ಅಂತ ಅವಳ ಆಸೆ. ಅಜ್ಜನ ಹೆಸರು ಒಂದು ಕಾಗದದಲ್ಲಿ ಇಯೋನ್, ಇನ್ನೊಂದರಲ್ಲಿ ಇವಾನ್. ನಮ್ಮ ಮದುವೆ ಬೆಂಗಳೂರಿನಲ್ಲೇ ವಿಶೇಷ ವಿವಾಹ ಕಾಯ್ದೆಯಡಿ ಆಗಿದೆ. ಎಲ್ಲವನ್ನೂ ಇಲ್ಲೇ ಭಾಷಾಂತರ ಮಾಡಿಸಿ ನೋಟರಿ ಸಹಿ ಹಾಕಿಸಿದರೆ ಸಾಕಾ? ನಮ್ಮ ಮಗಳಿಗೆ 15, ಮಗನಿಗೆ 9. ಇಬ್ಬರಿಗೂ ಭಾರತದ ಪಾಸ್‌ಪೋರ್ಟ್ ಇದೆ. ಅವರನ್ನೂ ಸೇರಿಸಬಹುದಾ?

ಉತ್ತರ: ದಯವಿಟ್ಟು ಈಗಲೇ ಯಾವ ಕಾಗದವನ್ನೂ ಭಾಷಾಂತರಕ್ಕೆ ಕೊಡಬೇಡಿ. ನನ್ನ ಹತ್ತಿರ ಬರುವವರಲ್ಲಿ ತುಂಬ ಜನ ಮೊದಲು ಮಾಡುವ ಕೆಲಸವೇ ಅದು. ಆಮೇಲೆ ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು ಕೊಡುತ್ತಾರೆ.

ಮೊದಲು ಅರ್ಹತೆ ನೋಡೋಣ. 1940ರ ಜೂನ್ 28ರಂದು ಸೋವಿಯತ್ ಸೇನೆ ಸೊರೋಕಾ ಇರುವ ಬೆಸರೇಬಿಯಾ ಪ್ರದೇಶಕ್ಕೆ ನುಗ್ಗಿದಾಗ ಅಜ್ಜನಿಗೆ ಎಂಟೋ ಒಂಬತ್ತೋ ವರ್ಷ. ಅವರು ಪೌರತ್ವವನ್ನು ತಾವಾಗಿ ಬಿಟ್ಟುಕೊಟ್ಟವರಲ್ಲ, ಅವರ ತಲೆಯ ಮೇಲೆ ದೇಶವೇ ಬದಲಾಯಿತು. ಇಂಥವರಿಗೂ ಇವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೂ ರೊಮೇನಿಯಾದ ಪೌರತ್ವ ಕಾನೂನಿನ (1991ರ 21ನೇ ಕಾನೂನು) 11ನೇ ವಿಧಿ ದಾರಿ ಕೊಡುತ್ತದೆ. ನಿಮ್ಮ ಮನೆಯವರು ಮೊಮ್ಮಗಳು, ಹಾಗಾಗಿ ಆ ಲೆಕ್ಕ ಸರಿಯಾಗಿದೆ. ಮಾಲ್ಡೋವಾ ಎರಡು ಪೌರತ್ವ ಒಪ್ಪುವುದರಿಂದ ಆ ಕಡೆಯೂ ಅವರಿಗೆ ತೊಂದರೆ ಇಲ್ಲ. ಆದರೆ 2025ರ ತಿದ್ದುಪಡಿಯಿಂದ ರೊಮೇನಿಯನ್ ಭಾಷೆ ಬಿ1 ಮಟ್ಟದಲ್ಲಿ, ಅಂದರೆ ದಿನನಿತ್ಯದ ವಿಷಯ ಮಾತಾಡುವಷ್ಟು, ಗೊತ್ತಿರಬೇಕು. ಅವರು ರೊಮೇನಿಯನ್ ಮಾಧ್ಯಮದಲ್ಲಿ ಓದಿದ್ದರೆ ಶಾಲೆಯ ಕಾಗದಗಳನ್ನು ಈಗಲೇ ಹುಡುಕಿಡಲಿ.

ಇನ್ನು ಹೆಸರಿನ ವಿಷಯ. ಇಡೀ ಅರ್ಜಿ ನಿಲ್ಲೋದು ಬೀಳೋದು ಇದರ ಮೇಲೆಯೇ. ಅಜ್ಜನ ಜನನ, ಅವರ ಮದುವೆ, ತಾಯಿಯ ಜನನ, ತಾಯಿಯ ಮದುವೆ, ನಿಮ್ಮ ಮನೆಯವರ ಜನನ, ನಿಮ್ಮಿಬ್ಬರ ಮದುವೆ. ಈ ಆರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಹೆಸರನ್ನೂ ಅಕ್ಷರ ಅಕ್ಷರ ಬಿಡಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 1931ರ ದಾಖಲೆ ರೊಮೇನಿಯನ್ನಿನಲ್ಲಿ ಇರುತ್ತದೆ, ಅಲ್ಲಿ ಅವರು ಇಯೋನ್. ತಾಯಿ ಹುಟ್ಟಿದ್ದು ಸೋವಿಯತ್ ಕಾಲದಲ್ಲಿ. ಆ ಪುಟ್ಟ ಹಸಿರು ರಟ್ಟಿನ ಜನನ ಪತ್ರ ತೆರೆದು ನೋಡಿ: ರಷ್ಯನ್ ಲಿಪಿಯಲ್ಲಿ ತಾಯಿಯ ಹೆಸರು, ಪಕ್ಕದಲ್ಲಿ 'ಇವಾನೊವ್ನಾ', ಅಂದರೆ ಇವಾನನ ಮಗಳು. ಗುಮಾಸ್ತರು ಇಯೋನ್ ಅನ್ನುವುದನ್ನು ರಷ್ಯನ್ ರೂಪಕ್ಕೆ ತಂದು ಬರೆದಿದ್ದಾರೆ, ಅಷ್ಟೇ. ನಮ್ಮಲ್ಲಿ ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಎಕ್ಸ್ ಹಾಕಿ, ಇನ್ನೊಂದು ಕಡೆ ಕೆ-ಎಸ್-ಎಚ್ ಹಾಕಿ ಬರೆದು ಪಾಸ್‌ಪೋರ್ಟ್ ಕಚೇರಿಗೆ ಅಲೆಯುತ್ತೇವಲ್ಲ, ಹಾಗೆ.

ಭಾಷಾಂತರಕಾರರಿಗೆ ಹೇಳಿ ಇದನ್ನು ಸರಿಮಾಡಿಸೋಣ ಅಂತ ಹೋಗಲೇಬೇಡಿ. ಮೂಲದಲ್ಲಿ ಇವಾನ್ ಅಂತಿದ್ದರೆ ಅವರೂ ಇವಾನ್ ಅಂತಲೇ ಬರೆಯಬೇಕು. ವ್ಯತ್ಯಾಸ ಸರಿಹೋಗಬೇಕಾದದ್ದು ಮೂಲ ದಾಖಲೆಯಲ್ಲಿ. ಮಾಲ್ಡೋವಾದ ನಾಗರಿಕ ನೋಂದಣಿ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ, ಹಳೆಯ ಸೋವಿಯತ್ ಪತ್ರಗಳ ಬದಲಿಗೆ ಹೊಸ ಪ್ರತಿ ತೆಗೆಸಿ. ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಹೊಸ ಪ್ರತಿಗಳು ರೊಮೇನಿಯನ್ನಿನಲ್ಲೇ ಬರುತ್ತವೆ, ಭಾಷಾಂತರದ ಖರ್ಚೇ ಇಲ್ಲ. ಮಾಲ್ಡೋವಾ, ರೊಮೇನಿಯಾ ನಡುವೆ 1996ರ ಒಪ್ಪಂದ ಇರುವುದರಿಂದ ಮಾಲ್ಡೋವಾದ ಕಾಗದಕ್ಕೆ ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲಿ ನಡೆಯಲು ಅಂಟಿಸುವ ದೃಢೀಕರಣ ಚೀಟಿ) ಕೂಡ ಬೇಕಿಲ್ಲ.

ಅಂದರೆ ಜಾಸ್ತಿ ಓಡಾಟ ಇರುವುದು ನಿಮ್ಮ ಬೆಂಗಳೂರಿನ ಮದುವೆ ಪತ್ರಕ್ಕೆ. ಅದನ್ನು ಲ್ಯಾಮಿನೇಶನ್ ಮಾಡಿಸಿದ್ದೀರಾ? ಹಾಗಿದ್ದರೆ ಉಪ ನೋಂದಣಾಧಿಕಾರಿ ಕಚೇರಿಯಿಂದ ಹೊಸ ದೃಢೀಕೃತ ಪ್ರತಿ ತೆಗೆಸಿ. ಪ್ಲಾಸ್ಟಿಕ್ ಮೇಲೆ ಯಾರೂ ಮುದ್ರೆ ಒತ್ತುವುದಿಲ್ಲ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಭಾರತದಲ್ಲಿ ಅಪೊಸ್ಟಿಲ್ ಒಪ್ಪಂದ 2005ರಿಂದ, ರೊಮೇನಿಯಾದಲ್ಲಿ 2001ರಿಂದ ಜಾರಿಯಲ್ಲಿದೆ. ಹಾಗಾಗಿ ಅಪೊಸ್ಟಿಲ್ ಆದ ಮೇಲೆ ಆ ಕಾಗದಕ್ಕೆ ರಾಯಭಾರ ಕಚೇರಿಯ ಮುದ್ರೆ ಬೇಕಿಲ್ಲ.

ಭಾಷಾಂತರ ಇದಾದ ಮೇಲೆ. ಯಾಕೆ ಅಂದರೆ ಅಪೊಸ್ಟಿಲ್ ಚೀಟಿಯೂ ಭಾಷಾಂತರ ಆಗಬೇಕು. ಮುಂಚೆಯೇ ಮಾಡಿಸಿದರೆ ಅದು ಬಿಟ್ಟುಹೋಗುತ್ತದೆ. ರೊಮೇನಿಯಾದವರು ಕೇಳುವುದು 'ತ್ರಾದುಚೆರೆ ಲೆಗಾಲಿಜಾತಾ', ಅಂದರೆ ದೃಢೀಕರಿಸಿದ ಭಾಷಾಂತರ. ಅಲ್ಲಿನ ನ್ಯಾಯ ಸಚಿವಾಲಯದ ಅನುಮತಿ ಇರುವ ಭಾಷಾಂತರಕಾರರು ಸಹಿ ಮಾಡಬೇಕು, ಆ ಸಹಿ ಅವರದೇ ಅಂತ ಅಲ್ಲಿನ ನೋಟರಿ ದೃಢೀಕರಿಸಬೇಕು. ಕೋರ್ಟ್ ಎದುರಿನ ನಮ್ಮ ನೋಟರಿಯ ಕೆಂಪು ಸೀಲು ಈ ಕೆಲಸಕ್ಕೆ ಬರುವುದಿಲ್ಲ. ಸುಮ್ನೆ ದುಡ್ಡು ದಂಡ. ಅಪೊಸ್ಟಿಲ್ ಆದ ಇಂಗ್ಲಿಷ್ ಪತ್ರವನ್ನು ನೇರವಾಗಿ ರೊಮೇನಿಯಾಕ್ಕೆ ಕಳಿಸಿ ಅಲ್ಲೇ ಮಾಡಿಸಿ. ದುಂಡು ಸೀಲಿನಲ್ಲಿ ಕನ್ನಡ ಅಕ್ಷರ ಇದ್ದರೆ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು ಜೊತೆಗಿಡಿ. ಭಾಷಾಂತರಕಾರರಿಗೆ ಅದು ಬರೀ ಗೆರೆಗಳಂತೆ ಕಾಣುತ್ತದೆ, ಅಲ್ವಾ? ಅರ್ಜಿ ಒಪ್ಪಿ ಪೌರತ್ವದ ಪ್ರಮಾಣವಚನ ಆದ ಮೇಲೆ ಜನನ, ಮದುವೆಗಳನ್ನು ರೊಮೇನಿಯಾದ ನೋಂದಣಿಯಲ್ಲಿ ಮತ್ತೆ ದಾಖಲಿಸಬೇಕು. ಅದಕ್ಕಾಗಿ ಮದುವೆ ಪತ್ರದ ಎರಡು ಪ್ರತಿಗೆ ಈಗಲೇ ಅಪೊಸ್ಟಿಲ್ ಮಾಡಿಸಿಬಿಡಿ.

ಪೊಲೀಸ್ ಕ್ಲಿಯರೆನ್ಸ್ ಎಲ್ಲಕ್ಕಿಂತ ಕೊನೆಗೆ ಮಾಡಿಸಿ, ಅದರ ಅವಧಿ ಬೇಗ ಮುಗಿಯುತ್ತದೆ. ಮಾಲ್ಡೋವಾದ್ದೂ ಬೇಕು, ಭಾರತದಲ್ಲಿ ವಾಸ ಇರುವುದರಿಂದ ಇಲ್ಲಿಯದೂ ಬೇಕು.

ಮಕ್ಕಳ ವಿಷಯಕ್ಕೆ ಮಾತ್ರ ಆತುರ ಬೇಡ. ತಾಯಿಯ ಜೊತೆ ಅಪ್ರಾಪ್ತ ಮಕ್ಕಳಿಗೂ ಪೌರತ್ವ ಕೊಡಲು ರೊಮೇನಿಯಾ ಕಾನೂನಿನಲ್ಲಿ ಅವಕಾಶ ಇದೆ, ಅದಕ್ಕೆ ತಂದೆಯಾಗಿ ನಿಮ್ಮ ಒಪ್ಪಿಗೆ ಬೇಕು. ಆದರೆ ಭಾರತದಲ್ಲಿ ಎರಡು ಪೌರತ್ವ ಇಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಇಲ್ಲಿಯದು ಹೋಗುತ್ತದೆ ಅಂತ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಆಮೇಲೆ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಮಾಡಿಸಬಹುದು, ಆದರೆ ಅದು ಪೌರತ್ವ ಅಲ್ಲ, ಅದರಲ್ಲಿ ಮತದಾನದ ಹಕ್ಕೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಪೌರತ್ವದ ಕೇಸು ನೋಡುವ ವಕೀಲರ ಹತ್ತಿರ ಕೂತು ಮಾತಾಡಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. 14 ತುಂಬಿದ ಮಕ್ಕಳ ಒಪ್ಪಿಗೆಯನ್ನು ರೊಮೇನಿಯಾ ಬೇರೆಯಾಗಿ ಕೇಳುತ್ತದೆ.