ಗೇಟಿನ ಬಜರ್ ಐದೇ ಸೆಕೆಂಡಿಗೆ ನಿಲ್ಲಬೇಕಾದರೆ

ಪ್ರಶ್ನೆ: ನಮ್ಮ ಮನೆ ಮಂಡ್ಯದ ಹೊರವಲಯದ ಬಡಾವಣೆಯಲ್ಲಿದ್ದು, ಗೇಟಿನಿಂದ ಒಳಬಾಗಿಲಿಗೆ ಸುಮಾರು 15 ಮೀಟರ್ ದೂರವಿದೆ. ನಿಗದಿತ ಹೊತ್ತನ್ನು ಅಳೆಯುವ 555 ಟೈಮರ್ ಐಸಿ ಬಳಸಿ, 12 ವೋಲ್ಟ್ ಅಡಾಪ್ಟರಿನಿಂದ ನಡೆಯುವ ಬಜರ್ ಒಂದನ್ನು ನಾನೇ ಮಾಡಿದ್ದೇನೆ. ಗುಂಡಿ ಒತ್ತಿದರೆ ಐದು ಸೆಕೆಂಡು ಕೂಗಿ ತಾನೇ ನಿಲ್ಲಲಿ ಎಂದು 100 ಕಿಲೋ ಓಮ್ ರೆಸಿಸ್ಟರ್ ಮತ್ತು 47 ಮೈಕ್ರೋ ಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ. 2ನೇ ಪಿನ್ನಿಗೆ 10 ಕಿಲೋ ಓಮ್ ಮೂಲಕ ಪ್ಲಸ್ ಕೊಟ್ಟು, ಗೇಟಿನ ಗುಂಡಿಯ ತಂತಿಯನ್ನು ನೇರವಾಗಿ ಅದಕ್ಕೇ ಸೇರಿಸಿದ್ದೇನೆ. ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. ಗೇಟಿಗೆ ಜೋಡಿಸಿದ ಮೇಲೆ ಮಾತ್ರ, ಯಾರಾದರೂ ಗುಂಡಿಯನ್ನು ಒತ್ತಿ ಹಿಡಿದರೆ ಕೈ ತೆಗೆಯುವವರೆಗೂ ಕೂಗುತ್ತದೆ; ಬೋರ್‌ವೆಲ್ ಮೋಟರ್ ಹಾಕಿದಾಗ ಗೇಟಿನಲ್ಲಿ ಯಾರೂ ಇಲ್ಲದಿದ್ದರೂ ಕೂಗುತ್ತದೆ; ಕರೆಂಟ್ ಹೋಗಿ ಬಂದಾಗಲೂ ಒಮ್ಮೆ ಕೂಗುತ್ತದೆ. ಸಮಯವೂ ಐದರ ಬದಲು ಆರು ಸೆಕೆಂಡಿನ ಹತ್ತಿರವಿದೆ. ಐಸಿ ಬದಲಾಯಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?

ಉತ್ತರ: ಐಸಿಯನ್ನು ಮತ್ತೊಮ್ಮೆ ಬದಲಾಯಿಸಬೇಡಿ, ಅದು ಕೆಟ್ಟಿಲ್ಲ. ಸಮಯದ ವ್ಯತ್ಯಾಸವೊಂದನ್ನು ಬಿಟ್ಟರೆ ನೀವು ಬರೆದಿರುವ ತೊಂದರೆಗಳು ಬಹುಮಟ್ಟಿಗೆ 2ನೇ ಪಿನ್ನಿನ ಬಳಿ, ಅಂದರೆ ಗೇಟಿನ ತಂತಿ ಐಸಿಯನ್ನು ಸೇರುವ ಜಾಗದಲ್ಲಿ ಹುಟ್ಟುತ್ತಿವೆ. ಈ ಸರ್ಕ್ಯೂಟನ್ನು ಮಾಡುವವರು ಸಾಮಾನ್ಯವಾಗಿ ಸೆಕೆಂಡಿನ ಲೆಕ್ಕಕ್ಕೆ ಎಲ್ಲ ಗಮನ ಕೊಟ್ಟು, ಗುಂಡಿಯನ್ನು ಕೊನೆಗೆ ಹೇಗೋ ಒಂದು ಜೋಡಿಸಿಬಿಡುತ್ತಾರೆ. ಮನೆಯಲ್ಲಿ ನಿತ್ಯ ಬಳಸುವ ಬಜರಿಗೆ ಸೆಕೆಂಡಿನ ಲೆಕ್ಕಕ್ಕಿಂತ ಗುಂಡಿಯ ಜೋಡಣೆಯೇ ಹೆಚ್ಚು ಮುಖ್ಯ.

1971ರಲ್ಲಿ ಹ್ಯಾನ್ಸ್ ಕ್ಯಾಮೆನ್ಜಿಂಡ್ ವಿನ್ಯಾಸ ಮಾಡಿದ ಈ ಐಸಿಯ ಒಳಗೆ 5 ಕಿಲೋ ಓಮಿನ ಮೂರು ಸಮಾನ ರೆಸಿಸ್ಟರ್‌ಗಳು ಸಾಲಾಗಿ ಕುಳಿತು, ನೀವು ಕೊಟ್ಟ ವೋಲ್ಟೇಜನ್ನು ಮೂರು ಪಾಲು ಮಾಡುತ್ತವೆ. 12 ವೋಲ್ಟ್ ಕೊಟ್ಟರೆ ಗಡಿಗಳು 4 ಮತ್ತು 8 ವೋಲ್ಟ್ ಆಗುತ್ತವೆ. 2ನೇ ಪಿನ್ 4 ವೋಲ್ಟಿಗಿಂತ ಕೆಳಗಿಳಿದ ಕೂಡಲೇ 3ನೇ ಪಿನ್ನಿನಲ್ಲಿ ವೋಲ್ಟೇಜ್ ಬಂದು ಬಜರ್ ಕೂಗತೊಡಗುತ್ತದೆ, ಅದೇ ಗಳಿಗೆಯಲ್ಲಿ ನಿಮ್ಮ 47 ಮೈಕ್ರೋ ಫ್ಯಾರಡ್ ಕೆಪಾಸಿಟರ್ ತುಂಬಲು ಶುರುವಾಗುತ್ತದೆ. ಅದು 8 ವೋಲ್ಟ್ ಮುಟ್ಟಿದ್ದನ್ನು 6ನೇ ಪಿನ್ ಗಮನಿಸಿ ಬಜರನ್ನು ನಿಲ್ಲಿಸಬೇಕು. ಆದರೆ ಆ ಹೊತ್ತಿಗೂ ಬೆರಳು ಗುಂಡಿಯ ಮೇಲೇ ಇದ್ದರೆ, 2ನೇ ಪಿನ್ ಇನ್ನೂ ಸೊನ್ನೆಯಲ್ಲೇ ಇರುತ್ತದೆ. 2ನೆಯದು ‘ಶುರು ಮಾಡು’ ಎನ್ನುತ್ತಿರುವಾಗ 6ನೆಯದು ‘ನಿಲ್ಲಿಸು’ ಎಂದರೆ ಈ ಐಸಿ 2ನೆಯದರ ಮಾತನ್ನೇ ಕೇಳುತ್ತದೆ. ಆದ್ದರಿಂದ ಒತ್ತಿ ಹಿಡಿದಷ್ಟು ಹೊತ್ತೂ ಕೂಗುವುದು ಐಸಿಯ ಸಹಜ ನಡವಳಿಕೆಯೇ ಹೊರತು ದೋಷವಲ್ಲ. ನಾವು ಮಾಡಬೇಕಾದದ್ದು, ಗುಂಡಿ ಎಷ್ಟೇ ಹೊತ್ತು ಒತ್ತಿದ್ದರೂ 2ನೇ ಪಿನ್ನಿಗೆ ಒತ್ತಿದ ಆ ಕ್ಷಣ ಮಾತ್ರ ಕಾಣುವಂತೆ ಮಾಡುವುದು.

ಅದಕ್ಕೆ ಗೇಟಿನ ತಂತಿಯನ್ನು 2ನೇ ಪಿನ್ನಿನಿಂದ ಬಿಡಿಸಿ. ಬೋರ್ಡಿಗೆ ಬಂದ ಆ ತಂತಿಯ ತುದಿಯಿಂದ 22 ಕಿಲೋ ಓಮ್ ಒಂದನ್ನು ಪ್ಲಸ್‌ಗೆ ಜೋಡಿಸಿ. ಅದೇ ತುದಿಯಿಂದ 2.2 ಕಿಲೋ ಓಮ್ ಒಂದನ್ನು ಮುಂದಕ್ಕೆ ಒಯ್ದು, ಅದರ ಇನ್ನೊಂದು ಕೊನೆಯಿಂದ ಮೈನಸ್‌ಗೆ 0.1 ಮೈಕ್ರೋ ಫ್ಯಾರಡ್ ಡಿಸ್ಕ್ ಕೆಪಾಸಿಟರ್ ಹಾಕಿ. ಆ ಕೊನೆಯಿಂದಲೇ ಇನ್ನೊಂದು 0.1 ಮೈಕ್ರೋ ಫ್ಯಾರಡ್ ಕೆಪಾಸಿಟರ್ 2ನೇ ಪಿನ್ನಿಗೆ ಹೋಗಲಿ. 2ನೇ ಪಿನ್ನಿನಿಂದ ಪ್ಲಸ್‌ಗೆ ಈಗಿರುವ 10 ಕಿಲೋ ಓಮನ್ನು ತೆಗೆದು 100 ಕಿಲೋ ಓಮ್ ಹಾಕಿ. ಇನ್ನು ಮುಂದೆ ಗುಂಡಿ ಒತ್ತಿದಾಗ 2ನೇ ಪಿನ್ ಸೊನ್ನೆಯ ಹತ್ತಿರಕ್ಕೆ ಬಿದ್ದು, ಬೆರಳು ಅಲ್ಲೇ ಇದ್ದರೂ ಕೆಲವು ಮಿಲಿ ಸೆಕೆಂಡಿನಲ್ಲಿ 4 ವೋಲ್ಟ್ ದಾಟಿ ಮೇಲೇರುತ್ತದೆ. ಐದು ಸೆಕೆಂಡಿನ ಕೊನೆಗೆ 6ನೇ ಪಿನ್ನಿನ ಮಾತಿಗೆ ಅಡ್ಡಿಪಡಿಸುವವರು ಯಾರೂ ಇರುವುದಿಲ್ಲ.

ಇಲ್ಲಿ ಒಂದು ಡಯೋಡ್ ಮರೆಯಬಾರದು. ಗುಂಡಿಯಿಂದ ಕೈ ತೆಗೆದಾಗ ನಡುವಿನ ಕೆಪಾಸಿಟರ್ 2ನೇ ಪಿನ್ನನ್ನು 12 ವೋಲ್ಟಿಗಿಂತಲೂ ಮೇಲಕ್ಕೆ ತಳ್ಳುತ್ತದೆ. ಆ ಹೆಚ್ಚುವರಿ ವೋಲ್ಟೇಜನ್ನು ಪ್ಲಸ್ ಕಡೆಗೆ ಬಿಡಲು 1ಎನ್4148 ಡಯೋಡನ್ನು 2ನೇ ಪಿನ್ನಿಗೂ ಪ್ಲಸ್‌ಗೂ ನಡುವೆ, ಕಪ್ಪು ಪಟ್ಟಿ ಪ್ಲಸ್ ಕಡೆಗೆ ಬರುವಂತೆ ಹಾಕಬೇಕು. ಪಟ್ಟಿ ತಿರುಗಿಮುರುಗಿಯಾದರೆ 2ನೇ ಪಿನ್ ಕೆಳಗಿಳಿಯುವುದೇ ಇಲ್ಲ, ಬಜರ್ ಎಂದಿಗೂ ಕೂಗುವುದಿಲ್ಲ.

22 ಕಿಲೋ ಓಮ್ ಎಂದು ನಿರ್ದಿಷ್ಟವಾಗಿ ಹೇಳಿದ್ದಕ್ಕೆ ಕಾರಣವಿದೆ. ಬೆಲ್ ಸ್ವಿಚ್ಚಿನ ಒಳಗಿನ ಲೋಹದ ಪಟ್ಟಿ ಬಿಟ್ಟುಕೊಳ್ಳುವಾಗ ಒಂದೇ ಸಲಕ್ಕೆ ಬಿಡುವುದಿಲ್ಲ. ಕೆಲವು ಮಿಲಿ ಸೆಕೆಂಡಿನ ಅವಧಿಯಲ್ಲಿ ಹಲವು ಸಲ ತಾಗಿ ಬಿಡುತ್ತದೆ. ಐದು ಸೆಕೆಂಡು ಮುಗಿದ ಮೇಲೂ ಗುಂಡಿ ಹಿಡಿದುಕೊಂಡಿದ್ದವರು ಕೈ ತೆಗೆದರೆ, ಆ ಅದುರುವಿಕೆಯೇ ಹೊಸ ಒತ್ತುವಿಕೆಯಂತೆ ಕಂಡು ಬಜರ್ ಮತ್ತೆ ಕೂಗಬಹುದು. 22 ಕಿಲೋ ಓಮ್ ಇದ್ದಾಗ ತಂತಿಯ ಕಡೆಯ ವೋಲ್ಟೇಜ್ ನಿಧಾನವಾಗಿ, ಐದಾರು ಮಿಲಿ ಸೆಕೆಂಡು ತೆಗೆದುಕೊಂಡು ಮೇಲೇರುವುದರಿಂದ ಅಷ್ಟರಲ್ಲಿ ಪಟ್ಟಿ ಸುಮ್ಮನಾಗಿರುತ್ತದೆ. ಇಲ್ಲಿ 1 ಕಿಲೋ ಓಮ್ ಹಾಕಿದರೂ ಸರ್ಕ್ಯೂಟ್ ನಡೆಯುತ್ತದೆ, ಆದರೆ ಈ ಮರುಕೂಗು ಆಗಾಗ ಕಾಡುತ್ತದೆ.

ಮೋಟರಿನ ವಿಷಯಕ್ಕೆ ಬರುವ ಮೊದಲು ಒಂದು ಪರೀಕ್ಷೆ ಮಾಡಿ. ಗೇಟಿನ ತಂತಿಯನ್ನು ಬೋರ್ಡಿನಿಂದ ಪೂರ್ತಿ ಬಿಚ್ಚಿ, ಮೋಟರನ್ನು ಹಾಕಿಸಿ ನೋಡಿ. ಬಜರ್ ಸುಮ್ಮನಿದ್ದರೆ ತೊಂದರೆ ತಂತಿಯ ಮೂಲಕ ಬರುತ್ತಿದೆ. ಆಗಲೂ ಕೂಗಿದರೆ ಅಡಾಪ್ಟರಿನ ಮೂಲಕ ಬರುತ್ತಿದೆ. ನಿಮ್ಮ ಬಡಾವಣೆಯ ಸುತ್ತ ಕಬ್ಬಿನ ಗದ್ದೆಗಳ ಪಂಪ್‌ಸೆಟ್‌ಗಳಿದ್ದರೆ ನಿಮ್ಮ ಮೋಟರಷ್ಟೇ ಅಲ್ಲ, ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ಪಕ್ಕದ ಮೋಟರುಗಳೂ ಕಾರಣವಾಗಿರಬಹುದು.

ತಂತಿಯ ಮೂಲಕ ಬರುವ ಅಡಚಣೆಗೆ ಮೇಲೆ ಹೇಳಿದ 2.2 ಕಿಲೋ ಓಮ್ ಮತ್ತು 0.1 ಮೈಕ್ರೋ ಫ್ಯಾರಡ್ ಜೋಡಿಯೇ ಅರ್ಧ ಮದ್ದು. ಮೋಟರ್ ಸ್ಟಾರ್ಟರ್ ಕಚ್ಚಿಕೊಳ್ಳುವಾಗ ಏಳುವ ಚೂಪಾದ ವೋಲ್ಟೇಜ್ ಮಿಡಿತಗಳು ಬಹಳ ಕಡಿಮೆ ಹೊತ್ತಿನವಾದ್ದರಿಂದ ಆ ಕೆಪಾಸಿಟರನ್ನು ದಾಟಿ ಬರಲಾರವು. ಉಳಿದರ್ಧ ತಂತಿ ಎಳೆದ ಬಗೆಯಲ್ಲಿದೆ. 15 ಮೀಟರ್ ತಂತಿ ಮೋಟರಿನ 230 ವೋಲ್ಟ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಬಂದಿದ್ದರೆ ಅದನ್ನು ಬೇರೆ ಮಾಡಲೇಬೇಕು. ಸುರಕ್ಷತೆಯ ದೃಷ್ಟಿಯಿಂದಲೂ ಅದು ತಪ್ಪು. ಬಿಡಿ ತಂತಿಗಳೆರಡರ ಬದಲು ಒಂದಕ್ಕೊಂದು ಹೆಣೆದ ಜೋಡಿ ಇರುವ ಟೆಲಿಫೋನ್ ಕೇಬಲ್ ಹಾಕಿದರೆ ಇನ್ನೂ ಒಳ್ಳೆಯದು.

ಅಡಾಪ್ಟರಿನ ಕಡೆಯಿಂದ ಬರುವುದಕ್ಕೆ ಐಸಿಯ 1 ಮತ್ತು 8ನೇ ಪಿನ್ನುಗಳ ನಡುವೆ, ಸಾಧ್ಯವಾದಷ್ಟು ಅವುಗಳಿಗೆ ಅಂಟಿಕೊಂಡಂತೆ, 0.1 ಮೈಕ್ರೋ ಫ್ಯಾರಡ್ ಡಿಸ್ಕ್ ಒಂದನ್ನೂ 100 ಮೈಕ್ರೋ ಫ್ಯಾರಡ್ ಎಲೆಕ್ಟ್ರೊಲೈಟಿಕ್ ಒಂದನ್ನೂ ಬೆಸುಗೆ ಹಾಕಿ. 5ನೇ ಪಿನ್ನಿನಿಂದ ಮೈನಸ್‌ಗೆ 0.01 ಮೈಕ್ರೋ ಫ್ಯಾರಡ್ ಇರಲಿ. ಅನೇಕರು ಇದನ್ನು ಅನಾವಶ್ಯಕವೆಂದು ಬಿಟ್ಟುಬಿಡುತ್ತಾರೆ. ಮೇಜಿನ ಮೇಲೆ ಅದು ಅನಾವಶ್ಯಕವೂ ಹೌದು, ಬೋರ್‌ವೆಲ್ ಇರುವ ಮನೆಯಲ್ಲಲ್ಲ.

ಇದೇ ಸಂದರ್ಭದಲ್ಲಿ ಅಡಾಪ್ಟರಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಹಿಂದಿನ ಕಾಲದ, ಒಳಗೆ ಟ್ರಾನ್ಸ್‌ಫಾರ್ಮರ್ ಮಾತ್ರ ಇರುವ ಭಾರದ ಅಡಾಪ್ಟರುಗಳು 12 ಎಂದು ಬರೆದುಕೊಂಡಿದ್ದರೂ ಲೋಡ್ ಇಲ್ಲದಾಗ 16 ವೋಲ್ಟ್ ಮೀರುವುದುಂಟು. ಸಾಮಾನ್ಯ 555ಕ್ಕೆ 16 ವೋಲ್ಟೇ ಕೊನೆಯ ಮಿತಿ. ಅಂಥದ್ದಾಗಿದ್ದರೆ ಹಗುರವಾದ ಎಸ್‌ಎಂಪಿಎಸ್ ಮಾದರಿಯ, ವೋಲ್ಟೇಜನ್ನು ಸ್ಥಿರವಾಗಿಡುವ 12 ವೋಲ್ಟ್ ಅಡಾಪ್ಟರ್ ತನ್ನಿ.

ಕರೆಂಟ್ ಬಂದಾಗ ಕೂಗುವುದೇಕೆಂದರೆ, ಆ ಕ್ಷಣದಲ್ಲಿ ಕೆಪಾಸಿಟರುಗಳೆಲ್ಲ ಖಾಲಿ ಇದ್ದು 2ನೇ ಪಿನ್ ಸೊನ್ನೆಯಿಂದಲೇ ಮೇಲೇರಬೇಕಾಗುತ್ತದೆ. ಐಸಿಗೆ ಅದು ಗುಂಡಿ ಒತ್ತಿದಂತೆಯೇ ಕಾಣುತ್ತದೆ. ಮೇಲೆ ಹೇಳಿದ ಬದಲಾವಣೆಯಿಂದ ಈ ತೊಂದರೆ ಕಡಿಮೆಯಾಗುವುದಿಲ್ಲ, ಇನ್ನೂ ಖಚಿತವಾಗುತ್ತದೆ. ಆದ್ದರಿಂದ 4ನೇ ಪಿನ್ನನ್ನು ನೇರವಾಗಿ ಪ್ಲಸ್‌ಗೆ ಜೋಡಿಸುವ ಬದಲು 100 ಕಿಲೋ ಓಮ್ ಮೂಲಕ ಜೋಡಿಸಿ, ಆ ಪಿನ್ನಿನಿಂದ ಮೈನಸ್‌ಗೆ 47 ಮೈಕ್ರೋ ಫ್ಯಾರಡ್ ಹಾಕಿ. 4ನೇ ಪಿನ್ ಸುಮಾರು 0.7 ವೋಲ್ಟ್ ದಾಟುವವರೆಗೆ ಐಸಿ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟರಲ್ಲಿ 2ನೇ ಪಿನ್ ಮೇಲೇರಿ ನಿಂತಿರುತ್ತದೆ. ಕ್ಷಣಮಾತ್ರ ಹೋಗಿ ಬರುವ ಕರೆಂಟಿಗೂ ಇದು ಉಪಯೋಗಕ್ಕೆ ಬರಬೇಕಾದರೆ ಆ 100 ಕಿಲೋ ಓಮಿಗೆ ಅಡ್ಡಲಾಗಿ ಇನ್ನೊಂದು 1ಎನ್4148, ಇಲ್ಲಿಯೂ ಪಟ್ಟಿ ಪ್ಲಸ್ ಕಡೆಗೆ ಇರುವಂತೆ ಬೇಕು.

ಆರು ಸೆಕೆಂಡಿನ ವಿಷಯದಲ್ಲಿ ನಿಮ್ಮ ಲೆಕ್ಕ ಸರಿಯಾಗಿದೆ: 1.1 ಗುಣಿಸು 100 ಕಿಲೋ ಓಮ್ ಗುಣಿಸು 47 ಮೈಕ್ರೋ ಫ್ಯಾರಡ್ ಎಂದರೆ 5.17 ಸೆಕೆಂಡು. ಆದರೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಖಚಿತವಾಗಿ ಐದೇ ಬೇಕೆಂದರೆ 100 ಕಿಲೋ ಓಮಿನ ಜಾಗದಲ್ಲಿ 68 ಕಿಲೋ ಓಮಿನೊಂದಿಗೆ 50 ಕಿಲೋ ಓಮ್ ಪ್ರಿಸೆಟ್ (ತಿರುಗಿಸಿ ಬೆಲೆ ಬದಲಾಯಿಸಬಹುದಾದ ರೆಸಿಸ್ಟರ್) ಸಾಲಾಗಿ ಹಾಕಿ, ಗಡಿಯಾರ ನೋಡಿಕೊಂಡು ತಿರುಗಿಸಿ. ಅಡಾಪ್ಟರ್ ಬದಲಾಯಿಸಿದರೆ ಸಮಯ ಬದಲಾಗುವುದೆಂಬ ಆತಂಕ ಬೇಡ. ಕೆಪಾಸಿಟರ್ ತುಂಬುವ ವೇಗವೂ ಗಡಿಯ ಮಟ್ಟವೂ ಒಂದೇ ವೋಲ್ಟೇಜಿನ ಪಾಲುಗಳಾದ್ದರಿಂದ ಎರಡೂ ಜೊತೆಯಾಗಿಯೇ ಏರಿಳಿಯುತ್ತವೆ.

ಈಗಿರುವ ಸಣ್ಣ ಪಿಯೆಜೋ ಬಜರನ್ನು 3ನೇ ಪಿನ್ ನೇರವಾಗಿ ಓಡಿಸಬಲ್ಲದು. ಮುಂದೆ 230 ವೋಲ್ಟಿನ ಗಂಟೆ ಹಾಕುವ ಮನಸ್ಸಾದರೆ 12 ವೋಲ್ಟ್ ರಿಲೇ (ಕಾಯಿಲಿಗೆ ಸಣ್ಣ ಕರೆಂಟ್ ಕೊಟ್ಟಾಗ ಕೂಡಿಕೊಳ್ಳುವ ಸ್ವಿಚ್), ಅದನ್ನು ಓಡಿಸಲು ಬಿಸಿ547 ಟ್ರಾನ್ಸಿಸ್ಟರ್ (ಬೇಸಿಗೆ 4.7 ಕಿಲೋ ಓಮ್), ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್ ಬೇಕಾಗುತ್ತದೆ. 230 ವೋಲ್ಟಿನ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ಹಿತ್ತಲ ಬಾಗಿಲನ್ನು ಮಕ್ಕಳು ತೆರೆದಿಟ್ಟು ಹೋಗುತ್ತಾರೆ, ಬೀದಿನಾಯಿಗಳು ಒಳಬರುತ್ತವೆ. ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಮಾತ್ರ ಕೂಗುವ ಬಜರನ್ನು 9 ವೋಲ್ಟ್ ಬ್ಯಾಟರಿಯಲ್ಲಿ ನಡೆಸಬಹುದೇ?

ಉತ್ತರ: ನಡೆಸಬಹುದು, ಹಿಂದಿನದಕ್ಕಿಂತ ಕಡಿಮೆ ಬಿಡಿಭಾಗಗಳಲ್ಲಿ. 555 ಬಗೆಯ ಐಸಿಯ 2 ಮತ್ತು 6ನೇ ಪಿನ್ನುಗಳನ್ನು ಒಂದಾಗಿ ಸೇರಿಸಿ, ಅಲ್ಲಿಂದ ಮೈನಸ್‌ಗೆ 270 ಕಿಲೋ ಓಮ್ ಹಾಕಿ. 100 ಮೈಕ್ರೋ ಫ್ಯಾರಡ್ ಕೆಪಾಸಿಟರಿನ ಪ್ಲಸ್ ಕಾಲು ಬ್ಯಾಟರಿಯ ಪ್ಲಸ್‌ಗೂ ಮೈನಸ್ ಕಾಲು ಸೇರಿಸಿದ ಆ ಪಿನ್ನುಗಳಿಗೂ ಹೋಗಲಿ. ಬಾಗಿಲ ಚೌಕಟ್ಟಿನಲ್ಲಿ ರೀಡ್ ಸ್ವಿಚ್, ಬಾಗಿಲಿನ ಮೇಲೆ ಆಯಸ್ಕಾಂತ ಕೂರಿಸಿ, ಆಯಸ್ಕಾಂತ ಹತ್ತಿರವಿದ್ದಾಗ ಕೂಡಿಕೊಳ್ಳುವ ಆ ಸ್ವಿಚ್ಚನ್ನು 220 ಓಮಿನೊಂದಿಗೆ ಸಾಲಾಗಿ ಕೆಪಾಸಿಟರಿಗೆ ಅಡ್ಡಲಾಗಿ ಜೋಡಿಸಿ. 220 ಓಮ್ ಇಲ್ಲದಿದ್ದರೆ ಬಾಗಿಲು ಮುಚ್ಚಿದಾಗಲೆಲ್ಲ ತುಂಬಿದ ಕೆಪಾಸಿಟರ್ ಒಮ್ಮೆಲೇ ಖಾಲಿಯಾಗಿ ಸ್ವಿಚ್ಚಿನ ತೆಳು ನಾಲಗೆಗಳನ್ನು ಅಂಟಿಸಿಬಿಡಬಹುದು. 4ನೇ ಪಿನ್ ನೇರ ಪ್ಲಸ್‌ಗೆ, 7ನೆಯದು ಖಾಲಿ.

ಬಾಗಿಲು ಮುಚ್ಚಿರುವಾಗ ಕೆಪಾಸಿಟರ್ ಖಾಲಿ, ಬಜರ್ ಸುಮ್ಮನೆ. ತೆರೆದ ಮೇಲೆ ಆ ಪಿನ್ನುಗಳ ವೋಲ್ಟೇಜ್ 9ರಿಂದ 3ಕ್ಕೆ ಇಳಿಯಲು ಸುಮಾರು 30 ಸೆಕೆಂಡು ಬೇಕು. ಇಳಿದ ಮೇಲೆ ಬಾಗಿಲು ಮುಚ್ಚುವವರೆಗೂ ಕೂಗುತ್ತಲೇ ಇರುತ್ತದೆ.

ಬ್ಯಾಟರಿಗೆ ಮಾತ್ರ ಸಾಮಾನ್ಯ 555 ಹಾಕಬೇಡಿ. ಅದು ಸುಮ್ಮನೆ ಕುಳಿತಿದ್ದಾಗಲೂ ಹಲವು ಮಿಲಿ ಆಂಪಿಯರ್ ಎಳೆಯುವುದರಿಂದ ಬ್ಯಾಟರಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅದೇ ಪಿನ್ ಜೋಡಣೆಯ, ಬಹಳ ಕಡಿಮೆ ಕರೆಂಟ್ ಎಳೆಯುವ 7555 ಕೇಳಿ ತನ್ನಿ. ಅದರ 3ನೇ ಪಿನ್ ಬಲಹೀನವಾದ್ದರಿಂದ ಬಜರನ್ನು 10 ಕಿಲೋ ಓಮ್ ಮತ್ತು ಬಿಸಿ547 ಮೂಲಕ ಓಡಿಸಿ. ಬಾಗಿಲು ಕಬ್ಬಿಣದ್ದಾಗಿದ್ದರೆ ಆಯಸ್ಕಾಂತದ ಬಲವನ್ನು ಬಾಗಿಲೇ ನುಂಗುತ್ತದೆ, ಆದ್ದರಿಂದ ಆಯಸ್ಕಾಂತ ಮತ್ತು ಸ್ವಿಚ್ ಎರಡರ ಕೆಳಗೂ ಬೆರಳು ದಪ್ಪದ ಮರದ ತುಂಡನ್ನು ಕೊಟ್ಟು ಕೂರಿಸಬೇಕು.