ಡ್ರ್ಯಾಗನ್ ಮರಿಗೆ ಕಿಟಕಿಯ ಬಿಸಿಲು ಸಾಲದು

ಪ್ರಶ್ನೆ: ಎರಡು ತಿಂಗಳ ಎರಡು ಬಿಯರ್ಡೆಡ್ ಡ್ರ್ಯಾಗನ್ (ಮನೆಯಲ್ಲಿ ಸಾಕುವ ಒಂದು ಬಗೆಯ ದೊಡ್ಡ ಹಲ್ಲಿ) ಮರಿ ತಂದಿದ್ದೇವೆ. ಗಾಜಿನ ಪೆಟ್ಟಿಗೆಯಲ್ಲಿ ಮರಳು ಹಾಸಿ ಕಿಟಕಿ ಪಕ್ಕ ಇಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಸಣ್ಣದು ಸರಿಯಾಗಿ ತಿನ್ನುತ್ತಿಲ್ಲ. ಏನು ಮಾಡೋಣ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಇವತ್ತೇ ಎರಡನ್ನೂ ಬೇರೆ ಮಾಡಿ. ದೊಡ್ಡದು ಬಿಸಿ ಜಾಗ ಹಿಡಿದು ಕೂತರೆ ಸಣ್ಣದು ಮೂಲೆ ಸೇರುತ್ತದೆ. ಬಾಲ, ಬೆರಳು ಕಚ್ಚುವುದೂ ಉಂಟು. ನಮ್ಮ ಮನೆಯ ಹಲ್ಲಿಗಾದರೆ ಬಾಲ ಮತ್ತೆ ಬೆಳೆಯುತ್ತದೆ, ಇದಕ್ಕೆ ಬೆಳೆಯುವುದಿಲ್ಲ.

ಇದು ಆಸ್ಟ್ರೇಲಿಯಾದ ಒಣನೆಲದ ಪ್ರಾಣಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೈ ಬಿಸಿಯಾಗದೆ ತಿಂದದ್ದು ಅರಗುವುದಿಲ್ಲ, ಹಸಿವೂ ಸಾಯುತ್ತದೆ. ಪೆಟ್ಟಿಗೆಯ ಒಂದು ತುದಿಯಲ್ಲಿ ಬಲ್ಬಿನ ಕೆಳಗೆ ಚಪ್ಪಟೆ ಕಲ್ಲಿಡಿ. ಕಲ್ಲಿನ ಮೇಲೆ 40ರಿಂದ 42 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರಿಂದ 28 ಇರಲಿ. ಗಾಜಿಗೆ ಅಂಟಿಸುವ ದುಂಡು ಮೀಟರ್ ನಂಬಬೇಡಿ. ವೈರಿನ ತುದಿಯ ಥರ್ಮಾಮೀಟರನ್ನು ಕಲ್ಲಿನ ಮೇಲೇ ಇಟ್ಟು ನೋಡಿ.

ಕಿಟಕಿ ಗಾಜು ಬಿಸಿಲಿನ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಯುವಿಬಿ ಟ್ಯೂಬ್ ದಿನಕ್ಕೆ 12 ತಾಸು ಉರಿಯಲಿ. ನೇರ ಬಿಸಿಲಿಗೆ ಪೆಟ್ಟಿಗೆ ಇಡಲೇಬೇಡಿ, ಒಳಗೆ ಒಲೆಯಾಗುತ್ತದೆ.

ಮರಳು ತೆಗೆದು ಹಳೆ ಪೇಪರ್ ಹಾಸಿ. ಹುಳದ ಜೊತೆ ನುಂಗಿದ ಮರಳು ಕರುಳು ಕಟ್ಟುತ್ತದೆ. ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಬೇಡ. ಕ್ರಿಕೆಟ್ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ, ದಿನಕ್ಕೆ ಮೂರು ಬಾರಿ, ಹತ್ತು ನಿಮಿಷದಲ್ಲಿ ತಿಂದಷ್ಟು. ಉಳಿದದ್ದನ್ನು ಹೊರಗೆ ತೆಗೆಯಿರಿ, ರಾತ್ರಿ ಅವೇ ಮರಿಯನ್ನು ಕಡಿಯುತ್ತವೆ. ಮಿಂಚುಹುಳ ವಿಷ. ಕಾಲು ನಡುಗಿದರೆ, ದವಡೆ ಮೆತ್ತಗಾದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.