ಆಸ್ಟ್ರೇಲಿಯಾದ ಸರ್ಕಾರಿ ಟಿವಿಯಲ್ಲಿ ನಮಗೇನಿದೆ?

ನಮಸ್ಕಾರ. ಮೆಲ್ಬರ್ನಿಗೆ ಹೊಸದಾಗಿ ಬಂದಿರುವ ನೀವು, ಊರಿನ ಕನ್ನಡ ವಾಹಿನಿಗಳಿಗೆ ಚಂದಾ ಕಟ್ಟಿಬಿಡುವುದೇ ಸರಿಯೇ, ಇಲ್ಲಿನ ಸರ್ಕಾರಿ ಟಿವಿಯಲ್ಲಿ ನಮ್ಮಂಥವರು ನೋಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಅದು ಕನ್ನಡದಲ್ಲಿ ಸಿಗುವುದಿಲ್ಲ.

ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಇಲ್ಲಿ ಎರಡು, ಎಬಿಸಿ ಮತ್ತು ಎಸ್‌ಬಿಎಸ್. ಆ್ಯಂಟೆನಾ ಇದ್ದರೆ ಸಾಕು, ಶುಲ್ಕವಿಲ್ಲ. ಟಿವಿ ಲೈಸೆನ್ಸ್ 1974ರಲ್ಲೇ ರದ್ದಾಯಿತು. ದುಡ್ಡು ಸರ್ಕಾರದ್ದೆಂದ ಮಾತ್ರಕ್ಕೆ ಸುದ್ದಿಯೂ ಸರ್ಕಾರದ್ದೇ ಇರಬೇಕೆಂದು ತಿಳಿಯಬೇಡಿ. ಮಂತ್ರಿಗಳನ್ನು ಎಬಿಸಿಯವರು ಪ್ರಶ್ನಿಸುವ ರೀತಿಯನ್ನು ಒಮ್ಮೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಎಸ್‌ಬಿಎಸ್‌ನ ಮೂಲ ಸ್ವಾರಸ್ಯಕರವಾಗಿದೆ. 1975ರಲ್ಲಿ ಮೆಡಿಬ್ಯಾಂಕ್ ಎಂಬ ಹೊಸ ಆರೋಗ್ಯ ಯೋಜನೆಯನ್ನು ವಲಸಿಗರಿಗೆ ಅವರವರ ಭಾಷೆಯಲ್ಲೇ ತಿಳಿಸಲೆಂದು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಎರಡು ಪುಟ್ಟ ರೇಡಿಯೊ ಕೇಂದ್ರಗಳು ಹುಟ್ಟಿದವು. ಐದು ವರ್ಷಗಳ ಬಳಿಕ, 1980ರ ಅಕ್ಟೋಬರ್ 24ರಂದು ಟಿವಿ ಬಂದಿತು. ಇಂದು ಅದರ ರೇಡಿಯೊ ಸೇವೆ ಅರವತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಯಾವ ಭಾಷೆಗೆ ಜಾಗ ಕೊಡಬೇಕೆಂಬುದನ್ನು ನಿರ್ಧರಿಸುವಾಗ ಜನಗಣತಿಯ ಅಂಕಿಗಳನ್ನು ನೋಡುತ್ತಾರಾದ್ದರಿಂದ, ಐದು ವರ್ಷಕ್ಕೊಮ್ಮೆ ಆ ನಮೂನೆ ಬಂದಾಗ ಮನೆಮಾತಿನ ಅಂಕಣದಲ್ಲಿ ದಯವಿಟ್ಟು ಕನ್ನಡವೆಂದೇ ಬರೆಯಿರಿ. ನಮ್ಮವರು ಎಷ್ಟೋ ಮಂದಿ ಅಲ್ಲಿ ಇಂಗ್ಲಿಷ್ ಎಂದು ಬರೆದು, ಆಮೇಲೆ ಕನ್ನಡಕ್ಕೆ ಜಾಗವಿಲ್ಲವೆಂದು ಕೊರಗುತ್ತಾರೆ.

ಟಿವಿಯ ಕಥೆ ಬೇರೆ. ಎಸ್‌ಬಿಎಸ್ ತೋರಿಸುವ ವೈವಿಧ್ಯದಲ್ಲಿ ಬಹುಪಾಲು ಹೊರಗಿನಿಂದ ಕೊಂಡು ತಂದದ್ದು. ಡೆನ್ಮಾರ್ಕಿನ ಪತ್ತೇದಾರಿ ಧಾರಾವಾಹಿ ಉಪಶೀರ್ಷಿಕೆಯೊಂದಿಗೆ ಧಾರಾಳವಾಗಿ ಸಿಗುತ್ತದೆ; ಮೆಲ್ಬರ್ನಿನ ಹೊರವಲಯದ ಟಾರ್ನೀಟಿನಲ್ಲಿ ಮನೆ ಕಟ್ಟಿಕೊಂಡ ಭಾರತೀಯ ಕುಟುಂಬವೊಂದರ ಕಥೆ ಮಾತ್ರ ಅಪರೂಪ. ಸಿದ್ಧ ಧಾರಾವಾಹಿಯ ಪ್ರಸಾರದ ಹಕ್ಕನ್ನು ಕೊಳ್ಳುವುದಕ್ಕಿಂತ ಇಲ್ಲಿಯೇ ಒಂದನ್ನು ತಯಾರಿಸಲು ಎಷ್ಟೋ ಪಟ್ಟು ಹಣ ಬೇಕಾಗುವುದು ಇದಕ್ಕೆ ಮುಖ್ಯ ಕಾರಣ. ಜೊತೆಗೆ, ಬೆಳಗಿನ ಆರರಿಂದ ನಡುರಾತ್ರಿಯವರೆಗಿನ ಪ್ರಸಾರದಲ್ಲಿ ಶೇ. 55ರಷ್ಟು ಆಸ್ಟ್ರೇಲಿಯಾದ ಕಾರ್ಯಕ್ರಮಗಳಿರಬೇಕೆಂಬ ನಿಯಮ ಖಾಸಗಿ ಉಚಿತ ವಾಹಿನಿಗಳ ಮುಖ್ಯ ಚಾನೆಲ್ಲುಗಳಿಗಿದೆಯೇ ಹೊರತು ಸರ್ಕಾರಿ ಸಂಸ್ಥೆಗಳಿಗಿಲ್ಲ. ಬಹುಸಂಸ್ಕೃತಿಯ ಸಮಾಜವನ್ನು ಪ್ರತಿಬಿಂಬಿಸಬೇಕೆಂದು ಎಸ್‌ಬಿಎಸ್‌ನ ಕಾಯ್ದೆ ಹೇಳುತ್ತದೆ, ಆದರೆ ಎಷ್ಟು ಗಂಟೆ ಎಂದು ಹೇಳುವುದಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಸ್ಥಳೀಯತೆ ಬೇಕೆಂದರೆ ಎಬಿಸಿ ನೋಡಿ. ನಿಮ್ಮ ಮಗಳು ಶಾಲೆಗೆ ಸೇರಿದ ವಾರದಲ್ಲೇ ಬ್ಲೂಯಿಯ ಹೆಸರು ಹೇಳುತ್ತಾ ಬಂದರೆ ಆಶ್ಚರ್ಯವಿಲ್ಲ. ಬ್ರಿಸ್ಬೇನ್‌ನಲ್ಲಿ ತಯಾರಾಗುವ ಆ ಕಾರ್ಟೂನ್ 2018ರಿಂದ ಅಲ್ಲಿ ಬರುತ್ತಿದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಎಚ್ಚರಿಕೆಗಳಿಗೂ ಎಬಿಸಿಯನ್ನೇ ನೆಚ್ಚಿಕೊಳ್ಳಬೇಕು. ಇಲ್ಲಿನ ಮೂಲನಿವಾಸಿಗಳ ವಾಹಿನಿಯಾದ ಎನ್‌ಐಟಿವಿಯನ್ನೂ ಬಿಡಬೇಡಿ. ಈ ನೆಲದ ಬಗ್ಗೆ ನಮ್ಮ ವಲಸಿಗರ ಕೂಟಗಳಲ್ಲಿ ಯಾರೂ ಎತ್ತದ ಮಾತುಗಳು ಅಲ್ಲಿ ಕೇಳಿಬರುತ್ತವೆ.

ಕನ್ನಡ ವಾಹಿನಿಗಳ ಚಂದಾಕ್ಕೆ ಅವಸರವಿಲ್ಲ. ನಿಮ್ಮ ತಾಯಿಯವರು ಬಂದು ಉಳಿಯುವ ತಿಂಗಳುಗಳಿಗೆ ಮಾತ್ರ ಕಟ್ಟಿದರೆ ಸಾಕಾಗುತ್ತದೆ.